ಮುಪ್ಪಿಗೆ ಕೊಡುವ ತೀರ್ಪು

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಧುಗಿರಿಯ ಏಕಶಿಲಾಬೆಟ್ಟದ ನೆರಳಿನ ಹಳ್ಳಿಗಳಿಂದಲೂ, ಶಿರಾ ಸೀಮೆಯ ಬಯಲಿನಿಂದಲೂ, ಕೊರಟಗೆರೆಯ ಸಿದ್ಧರ ಬೆಟ್ಟದ ತಪ್ಪಲಿನಿಂದಲೂ, ಆಂಧ್ರದ ನೆಲದ ನಡುವೆ ಚಾಚಿಕೊಂಡಿರುವ ಪಾವಗಡದಿಂದಲೂ ಸದ್ಭಕ್ತರು ಮಠಗಳ ಉತ್ಸವಗಳಿಗೆ ಬರುವುದು ಬಹುಕಾಲದ ಸಂಪ್ರದಾಯ. ಇಂಥ ಉತ್ಸವಗಳಲ್ಲಿ ಒಂದು ದೃಶ್ಯವು ತಪ್ಪದೆ ಕಾಣಬರುತ್ತದೆ. ಎಲ್ಲರಿಗಿಂತ ಮೊದಲು ಬಂದು ಚಾಪೆಯ ಮೇಲೆ ಕುಳಿತುಕೊಳ್ಳುವವರು ವೃದ್ಧರು. ಎಲ್ಲರಿಗಿಂತ ಕಡೆಯಲ್ಲಿ ಎದ್ದು ಹೋಗುವವರೂ ಅವರೇ. ಆದರೆ ಮಂಟಪದ ಏರ್ಪಾಡಿನಿಂದ ಹಿಡಿದು ದಾಸೋಹದ ಲೆಕ್ಕದವರೆಗೆ ಯಾವ ಮಾತಿಗಾದರೂ ಅವರನ್ನು ಕೇಳುವವರು ವಿರಳ. ಅವರ ಕಾಲಿಗೆ ಎರಗುವವರು ನೂರು ಜನ. ಅವರ ಮಾತಿಗೆ ಕಿವಿಗೊಡುವವರು ಹತ್ತು ಜನ. ಈ ನೂರಕ್ಕೂ ಹತ್ತಕ್ಕೂ ನಡುವೆ ಇರುವ ಅಂತರವೇ ಈ ಉಪನ್ಯಾಸದ ವಿಷಯ.

ಗುರುವಿಲ್ಲದ ಮಠವಲ್ಲ, ಹಿರಿಯರಿಲ್ಲದ ಮನೆಯಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಅದನ್ನು ಹೇಳುವ ನಾಲಿಗೆಯೇ ಮರುಗಳಿಗೆಯಲ್ಲಿ ಅರವತ್ತಕ್ಕೆ ಅರಳುಮರಳು ಎಂಬ ಇನ್ನೊಂದು ಗಾದೆಯನ್ನೂ ಹೇಳುತ್ತದೆ. ಒಂದು ಗಾದೆ ಹಿರಿಯರನ್ನು ಪೀಠದ ಮೇಲೆ ಕೂರಿಸುತ್ತದೆ. ಮತ್ತೊಂದು ಅವರನ್ನು ಮೂಲೆಗೆ ತಳ್ಳುತ್ತದೆ. ಆದರೆ ಇವೆರಡಕ್ಕೂ ಸಮಾನವಾದ ದೋಷವೊಂದು ಉಂಟು. ಎರಡೂ ಎದುರಿಗೆ ಕುಳಿತಿರುವ ಮನುಷ್ಯನನ್ನು ನೋಡುವುದಿಲ್ಲ. ಆತನ ವಯಸ್ಸನ್ನು ಮಾತ್ರ ನೋಡುತ್ತವೆ.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗನು ಶಿರಾ ಸಂತೆಗೆ ಹೋದವನು ಕೊಂಡ ಬಿತ್ತನೆ ಬೀಜದ ಚೀಲವನ್ನು ಬಸ್ಸಿನಲ್ಲಿಯೇ ಮರೆತು ಬರುತ್ತಾನೆ. ಮನೆಯವರು, "ಪಾಪ, ಏನು ಮಾಡಿಯಾನು? ತಲೆಯ ತುಂಬ ಕೆಲಸ, ಸಾಲದ ಚಿಂತೆ ಬೇರೆ" ಎನ್ನುತ್ತಾರೆ. ಎರಡು ದಿನಗಳ ತರುವಾಯ ಆತನ ತಂದೆಯು ಹೊಲದಲ್ಲಿ ತನ್ನ ಟವಲನ್ನು ಮರೆತು ಬರುತ್ತಾನೆ. ಅದೇ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, "ಯಜಮಾನರಿಗೆ ಈಚೆಗೆ ಮರೆವು ಹೆಚ್ಚಾಯಿತು, ಇನ್ನು ಬೀರುವಿನ ಬೀಗದ ಕೈ ಅವರ ಹತ್ತಿರ ಇರುವುದು ಬೇಡ" ಎನ್ನುತ್ತಾರೆ. ಕಳೆದುಹೋದ ವಸ್ತುಗಳನ್ನು ತೂಗಿ ನೋಡಿದರೆ ಬೀಜದ ಚೀಲದ ಬೆಲೆಯೇ ಹೆಚ್ಚು. ಮರೆವಿನ ಜಾತಿಯೂ ಒಂದೇ. ಆದರೂ ಮಗನ ಮರೆವಿಗೆ ಕಾರಣವು ಆತನ ಕೆಲಸದಲ್ಲಿ ದೊರೆಯಿತು. ತಂದೆಯ ಮರೆವಿಗೆ ಕಾರಣವು ಆತನ ವಯಸ್ಸಿನಲ್ಲಿ ದೊರೆಯಿತು. ಒಬ್ಬನಿಗೆ ಮರುಕ ಸಂದಿತು, ಮತ್ತೊಬ್ಬನಿಗೆ ಬೀಗದ ಕೈ ಹೋಯಿತು.

ಇದು ಒಂದು ಮನೆಯ ಕಥೆಯಲ್ಲ. ಸುಮಾರು 1990ರ ವೇಳೆಗೆ ಅಮೆರಿಕ ದೇಶದ ಜೋನ್ ಅರ್ಬರ್ ಎಂಬ ಮನಶ್ಶಾಸ್ತ್ರಜ್ಞೆಯು ತನ್ನ ಸಂಗಡಿಗರೊಡನೆ ಇದನ್ನೇ ಪರೀಕ್ಷಿಸಿ ನೋಡಿದಳು. ದಿನನಿತ್ಯದ ಮರೆವಿನ ಚಿಕ್ಕ ಚಿಕ್ಕ ಪ್ರಸಂಗಗಳನ್ನು ಬರೆದು, ಕೆಲವದರಲ್ಲಿ ಮರೆತವರು ಯುವಕರೆಂದೂ ಕೆಲವದರಲ್ಲಿ ವೃದ್ಧರೆಂದೂ ತಿಳಿಸಿ, ಓದಿದವರ ಅಭಿಪ್ರಾಯವನ್ನು ಕೇಳಲಾಯಿತು. ಪ್ರಸಂಗವು ಒಂದೇ ಆಗಿದ್ದರೂ ಯುವಕನ ಮರೆವನ್ನು ಗಮನದ ಕೊರತೆಯೆಂದೂ, ವೃದ್ಧನ ಮರೆವನ್ನು ಬುದ್ಧಿಶಕ್ತಿಯ ಕುಂದೆಂದೂ ಜನರು ಎಣಿಸುವುದು ಕಂಡುಬಂದಿತು. ವಯಸ್ಸನ್ನು ಹಿಡಿದು ಮನುಷ್ಯನನ್ನು ಅಳೆಯುವ ಈ ಪೂರ್ವಗ್ರಹಕ್ಕೆ ಅದೇ ದೇಶದ ವೈದ್ಯನಾದ ರಾಬರ್ಟ್ ಬಟ್ಲರ್ ಎಂಬಾತನು 1969ರಲ್ಲಿಯೇ ಪ್ರತ್ಯೇಕವಾದ ಹೆಸರೊಂದನ್ನು ಕೊಟ್ಟಿದ್ದನು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊರಡಿಸಿದ ವರದಿಯು ಲೋಕದಲ್ಲಿ ಪ್ರತಿ ಇಬ್ಬರಲ್ಲಿ ಒಬ್ಬರು ವೃದ್ಧರ ವಿಷಯದಲ್ಲಿ ಇಂಥ ಭಾವನೆಯುಳ್ಳವರೆಂದು ಹೇಳಿತು. ಆದಕಾರಣ ಇದು ಒಂದು ಊರಿನ, ಒಂದು ಮತದ, ಒಂದು ಭಾಷೆಯ ದೋಷವಲ್ಲ. ಮನುಷ್ಯಸ್ವಭಾವದಲ್ಲಿಯೇ ಹುದುಗಿರುವ ಸೋಮಾರಿತನ. ಕಾರಣವನ್ನು ಹುಡುಕುವುದು ಶ್ರಮದ ಕೆಲಸ. ವಯಸ್ಸನ್ನು ಹೇಳಿ ಸುಮ್ಮನಾಗುವುದು ಸುಲಭ.

ಅರಳುಮರಳು ಎಂಬ ಮಾತಿನ ವಿಷಯದಲ್ಲಿ ಒಂದು ಸಂಗತಿಯನ್ನು ಇಲ್ಲಿ ಸ್ಮರಿಸುವುದು ಯೋಗ್ಯ. ವರಕವಿ ದ. ರಾ. ಬೇಂದ್ರೆಯವರು 1896ರಲ್ಲಿ ಜನಿಸಿದವರು. ಅರವತ್ತು ವರ್ಷ ತುಂಬಿದ ಹೊತ್ತಿನಲ್ಲಿ ಅವರು ತಮ್ಮ ಕವನಸಂಕಲನಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಜನರು ನಿಂದೆಗಾಗಿ ಆಡುವ ಮಾತಿನೊಳಗೆ ಮರಳಿ ಅರಳುವುದು ಎಂಬ ಅರ್ಥವೂ ಅಡಗಿರುವುದನ್ನು ಆ ಹೆಸರು ತೋರಿಸಿಕೊಟ್ಟಿತು. ಆ ಗ್ರಂಥಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಮಾತು ಅದೇ, ವಯಸ್ಸೂ ಅದೇ. ನೋಡುವ ಕಣ್ಣು ಮಾತ್ರ ಬೇರೆ.

ಈಗ ಈ ಸೀಮೆಯದೇ ಆದ ಒಂದು ನಿದರ್ಶನವನ್ನು ವಿಚಾರಿಸಬೇಕು. ಪಾವಗಡದ ಹಳ್ಳಿಗಳಲ್ಲಿ ಬೆನ್ನು ಬಾಗಿ, ಕುತ್ತಿಗೆ ತಿರುಗದೆ, ಮೊಣಕಾಲು ಮಡಿಸಲಾರದೆ ಜಗಲಿಯ ಕಂಬಕ್ಕೆ ಒರಗಿ ಕುಳಿತಿರುವವರನ್ನು ಕಾಣದವರಿಲ್ಲ. ದಾರಿಹೋಕನು ಅವರನ್ನು ನೋಡಿ, "ವಯಸ್ಸಾಯಿತು, ಮುಪ್ಪು ಬಂದಿತು" ಎಂದು ಮುಂದೆ ಸಾಗುತ್ತಾನೆ. ಸೊಸೆಯು ಒಮ್ಮೊಮ್ಮೆ, "ಕುಳಿತಲ್ಲಿಂದ ಏಳುವುದಿಲ್ಲ, ಮೈಗಳ್ಳತನ" ಎಂದು ಗೊಣಗುವುದೂ ಉಂಟು. ಆದರೆ ನಿಜವಾದ ಕಾರಣವು ಎಷ್ಟೋ ವೇಳೆ ವಯಸ್ಸಿನಲ್ಲಿಯೂ ಇಲ್ಲ, ಸ್ವಭಾವದಲ್ಲಿಯೂ ಇಲ್ಲ. ಅದು ಕುಡಿಯುವ ನೀರಿನಲ್ಲಿದೆ. ಈ ಸೀಮೆಯ ಬಂಡೆಗಳಲ್ಲಿ ಫ್ಲೋರೈಡ್ ಅಂಶವುಳ್ಳ ಖನಿಜಗಳಿವೆ. ಮಳೆ ಕಡಿಮೆಯಾಗಿ, ಕೆರೆ ಬಾವಿಗಳು ಬತ್ತಿ, ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ ಬಂಡೆಯ ಸಂಗಡ ಬಹುಕಾಲ ನಿಂತ ನೀರು ಮೇಲಕ್ಕೆ ಬರುತ್ತದೆ. ಅದರೊಡನೆ ಫ್ಲೋರೈಡ್ ಕೂಡ ಬರುತ್ತದೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಂ ವರೆಗೆ ಸಹಿಸಬಹುದು ಎಂಬುದು ಭಾರತದಲ್ಲಿ ನಿಗದಿಯಾಗಿರುವ ಮಾನ. ಪಾವಗಡದ ಅನೇಕ ಗ್ರಾಮಗಳಲ್ಲಿಯೂ, ನೆರೆಯ ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಕೆಲವು ಗ್ರಾಮಗಳಲ್ಲಿಯೂ ಈ ಮಾನವನ್ನು ಮೀರಿದ ನೀರು ಇರುವುದು ಪರೀಕ್ಷೆಗಳಿಂದ ತಿಳಿದ ಸಂಗತಿ.

ಇಂಥ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಎಲುಬುಗಳಲ್ಲಿ ಫ್ಲೋರೈಡ್ ಸೇರಿಕೊಳ್ಳುತ್ತದೆ. ಕೀಲುಗಳ ಸುತ್ತಲಿನ ನಾರುಗಳು ಗಡುಸಾಗುತ್ತವೆ. ಬೆನ್ನುಮೂಳೆಯು ಕೊರಡಿನಂತೆ ಬಿಗಿಯುತ್ತದೆ. ಮಕ್ಕಳಲ್ಲಿ ಇದು ಹಲ್ಲಿನ ಮೇಲೆ ಕಂದುಬಣ್ಣದ ಕಲೆಯಾಗಿ ತೋರುವುದರಿಂದ ಶಾಲೆಯ ಉಪಾಧ್ಯಾಯರು ಕೂಡಲೇ ನೀರನ್ನು ಶಂಕಿಸುತ್ತಾರೆ. ಅದೇ ನೀರು ಅಜ್ಜಿಯ ಬೆನ್ನನ್ನು ಬಾಗಿಸಿದಾಗ ಮಾತ್ರ ಯಾರೂ ನೀರನ್ನು ಶಂಕಿಸುವುದಿಲ್ಲ. ವಯಸ್ಸು ಎಂಬ ಉತ್ತರವು ಆಗಲೇ ಸಿದ್ಧವಾಗಿರುತ್ತದೆ. ನೀರನ್ನು ಕಾಯಿಸಿ ಕೊಟ್ಟರೆ ಸಾಕೆಂದು ತಿಳಿದವರೂ ಉಂಟು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದರ ಸಾಂದ್ರತೆಯು ಹೆಚ್ಚುತ್ತದೆ. ಶುದ್ಧೀಕರಣ ಘಟಕದ ನೀರನ್ನಾಗಲಿ, ಶುಚಿಯಾಗಿ ಹಿಡಿದಿಟ್ಟ ಮಳೆಯ ನೀರನ್ನಾಗಲಿ ಕುಡಿಯಲು ಕೊಡುವುದೇ ಮಾರ್ಗ. ಆದರೆ ಘಟಕದ ಮುಂದೆ ಕ್ಯಾನು ಹಿಡಿದು ನಿಲ್ಲಲು ಶಕ್ತಿಯಿಲ್ಲದ ಒಂಟಿ ವೃದ್ಧರು ಹತ್ತಿರದ ಕೊಳಾಯಿಯ ನೀರನ್ನೇ ಕುಡಿಯುತ್ತಾರೆ. ಹೀಗೆ ತಪ್ಪಾದ ತೀರ್ಪೊಂದು ಅವರ ನೋವನ್ನು ಮರೆಮಾಡುವುದಲ್ಲದೆ ಬೆಳೆಸುತ್ತಲೂ ಹೋಗುತ್ತದೆ.

ದೇಹಕ್ಕೆ ಹೇಳಿದ ಈ ಮಾತು ಬುದ್ಧಿಗೂ ಅನ್ವಯಿಸುತ್ತದೆ. ಕೇಳಿದ್ದೊಂದು, ಹೇಳಿದ್ದೊಂದು ಎಂದು ಜನರು ಮುದುಕರನ್ನು ನೋಡಿ ನಗುವುದುಂಟು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ತೆಳುವಾದ ಎತ್ತರದ ಧ್ವನಿಗಳನ್ನು. ಮಾತಿನ ಸದ್ದು ಕೇಳುತ್ತದೆ, ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ಅರ್ಧ ಕೇಳಿದ ಮಾತಿಗೆ ಉತ್ತರ ಕೊಡುವವನು ಬುದ್ಧಿಗೆಟ್ಟವನಲ್ಲ, ಕಿವಿ ಮಂದವಾದವನು. ಎದುರಿಗೆ ಕುಳಿತು, ಮುಖವನ್ನು ತೋರಿಸಿ, ನಿಧಾನವಾಗಿ ಮಾತನಾಡಿದರೆ ಅದೇ ಮನುಷ್ಯನು ಸರಿಯಾದ ಉತ್ತರವನ್ನು ಕೊಡುತ್ತಾನೆ. ಸೊಪ್ಪಿನಲ್ಲಿ ಕಲ್ಲು ಉಳಿಸಿದ ಅಜ್ಜಿಯು ಅಜಾಗರೂಕಳಲ್ಲ. ಕಣ್ಣಿನಲ್ಲಿ ಪೊರೆ ಬಂದಿರುತ್ತದೆ, ಅದು ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಹೋಗತಕ್ಕದ್ದು. ಮರೆವೂ ಮಂಕೂ ಕೆಲವು ವೇಳೆ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯದಿಂದ, ಬಿ-12 ಎಂಬ ಜೀವಸತ್ವದ ಕೊರತೆಯಿಂದ, ಸಂಗಾತಿಯನ್ನು ಕಳೆದುಕೊಂಡ ದುಃಖದಿಂದ ಉಂಟಾಗುತ್ತವೆ, ಇವೆಲ್ಲಕ್ಕೂ ಚಿಕಿತ್ಸೆಯುಂಟು.

ಎಲ್ಲಕ್ಕಿಂತ ಎಚ್ಚರಿಕೆಯಿಂದ ತಿಳಿಯತಕ್ಕ ವಿಷಯವೊಂದಿದೆ. ನಿನ್ನೆಯ ತನಕ ಸರಿಯಾಗಿದ್ದ ವೃದ್ಧರು ಇಂದು ಇದ್ದಕ್ಕಿದ್ದಂತೆ ದಿಕ್ಕುಗೆಟ್ಟವರಂತೆ ಮಾತನಾಡತೊಡಗಿದರೆ, ಮಗನನ್ನು ಗುರುತಿಸದಿದ್ದರೆ, ರಾತ್ರಿಯೆಲ್ಲ ಎದ್ದು ತಿರುಗಾಡಿದರೆ, ಅದು ಅರಳುಮರಳಲ್ಲ; ಕಾಯಿಲೆಯ ಕರೆ. ಮೂತ್ರಕೋಶದ ಸೋಂಕು, ರಕ್ತದಲ್ಲಿ ಉಪ್ಪಿನಂಶದ ಇಳಿತ, ಜ್ವರ, ನೀರಿನ ಕೊರತೆ, ಹೊಸದಾಗಿ ಸೇವಿಸಿದ ಔಷಧ ಇವುಗಳಲ್ಲಿ ಯಾವುದಾದರೂ ಇದಕ್ಕೆ ಕಾರಣವಾಗಿರಬಹುದು. ಅಂಥವರನ್ನು ಅಂದೇ ಆಸ್ಪತ್ರೆಗೆ ಸೇರಿಸಬೇಕು. "ವಯಸ್ಸಾಯಿತಲ್ಲ" ಎಂದು ಎರಡು ದಿನ ಕಾದ ಮನೆಯಲ್ಲಿ ಮೂರನೆಯ ದಿನ ಕಾಯುವುದಕ್ಕೆ ಯಾರೂ ಉಳಿಯದೆ ಹೋಗಬಹುದು. ಒಂದು ಗಾದೆಯ ಮಾತು ಪ್ರಾಣವನ್ನೇ ತೆಗೆಯಬಲ್ಲದು.

ನಿಜವಾದ ಬುದ್ಧಿಭ್ರಂಶದ ರೋಗವು ಇಲ್ಲವೆಂದು ಇದರ ಅರ್ಥವಲ್ಲ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದು ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಅದು ಇರುವುದೆಂದು ಅಂದಾಜು ಮಾಡಿತು. ಅವರಿಗೆ ವೈದ್ಯವೂ ಸಹನೆಯೂ ಅವಶ್ಯಕ. ಆದರೆ ಆ ಲೆಕ್ಕದ ಮತ್ತೊಂದು ಮುಖವನ್ನೂ ಓದಬೇಕು. ನೂರರಲ್ಲಿ ತೊಂಬತ್ತೆರಡಕ್ಕಿಂತ ಹೆಚ್ಚು ಮಂದಿಗೆ ಆ ರೋಗವಿಲ್ಲ. ಗಾದೆಯು ಮಾತ್ರ ನೂರಕ್ಕೆ ನೂರು ಮಂದಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ.

ಈ ತೀರ್ಪು ಇಷ್ಟು ತಪ್ಪಾಗಿದ್ದರೂ ಏಕೆ ಅಳಿಯುವುದಿಲ್ಲ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವನ್ನು ಈ ನಾಡಿನ ಇಬ್ಬರು ಹಿರಿಯರ ಚರಿತ್ರೆಯಿಂದ ಪಡೆಯಬಹುದು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 1920ರಲ್ಲಿ ಜನಿಸಿದವರು. ಮನೆಮಾತು ತೆಲುಗು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಸೂಲಗಿತ್ತಿಯ ವಿದ್ಯೆಯನ್ನು ಅಜ್ಜಿಯಿಂದ ಕಲಿತವರು. ತಮ್ಮ ಇಪ್ಪತ್ತನೆಯ ವಯಸ್ಸಿನಿಂದ ಮೊದಲ್ಗೊಂಡು ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಅವರು ಯಾವ ಪ್ರತಿಫಲವನ್ನೂ ಬಯಸದೆ ಮಾಡಿಸಿದರೆಂದು ಪ್ರಸಿದ್ಧಿ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. 2018ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಅದೇ ವರ್ಷದ ಡಿಸೆಂಬರ್ 25ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು. ಆ ಪದವಿ ಪ್ರಶಸ್ತಿಗಳನ್ನು ಒಂದು ಗಳಿಗೆ ಮರೆಮಾಡಿ, ಪಾವಗಡದ ಬಸ್ ನಿಲ್ದಾಣದಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವ ಅಂಥದೇ ಒಬ್ಬ ಅಜ್ಜಿಯನ್ನು ಭಾವಿಸಿ ನೋಡಬಹುದು. ಆಕೆಗೆ ಏನು ತಿಳಿದಿದೆಯೆಂದು ಕೇಳುವವರು ಎಷ್ಟು ಜನ? "ಸರಿ ಅಜ್ಜಿ, ಆಚೆಗೆ ಕೂತುಕೋ" ಎನ್ನುವವರು ಎಷ್ಟು ಜನ?

ಇನ್ನು ತುಮಕೂರು ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಚರಿತ್ರೆಯು ಭಕ್ತರೆಲ್ಲರಿಗೂ ವಿದಿತವೇ ಸರಿ. 1907ನೆಯ ಏಪ್ರಿಲ್ 1ರಂದು ವೀರಾಪುರದಲ್ಲಿ ಜನಿಸಿ, 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, 2019ನೆಯ ಜನವರಿ 21ರಂದು ಲಿಂಗೈಕ್ಯರಾಗುವ ತನಕ ಅವರು ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ನಡೆಸಿದರು. ನೂರು ವರ್ಷ ತುಂಬಿದ ಮೇಲೆಯೂ ನಸುಕಿನ ಪೂಜೆಯೂ ಭಕ್ತರ ದರ್ಶನವೂ ಮಕ್ಕಳ ಪ್ರಾರ್ಥನೆಯೂ ತಪ್ಪಲಿಲ್ಲ.

ಇಂಥವರನ್ನು ಕಂಡಾಗ ಲೋಕವು ಏನೆನ್ನುತ್ತದೆ? "ಅವರದು ದೈವಾಂಶ, ಅವರ ಮಾತೇ ಬೇರೆ" ಎನ್ನುತ್ತದೆ. ಆ ಪೂಜ್ಯಭಾವನೆಯು ಸರ್ವಥಾ ಯುಕ್ತವಾದುದು. ಆದರೆ ಇದರ ಪರಿಣಾಮವನ್ನೂ ಗಮನಿಸಬೇಕು. ಮುದುಕನೊಬ್ಬನು ಸೋತರೆ ಅದು ಮುಪ್ಪಿನ ನಿಯಮವೆಂದೂ, ಗೆದ್ದರೆ ಅದು ಪವಾಡವೆಂದೂ ಜನರು ಹೇಳುತ್ತಾರೆ. ಸೋಲುಗಳೆಲ್ಲ ನಿಯಮದ ಲೆಕ್ಕಕ್ಕೆ ಸೇರುತ್ತವೆ. ಗೆಲುವುಗಳೆಲ್ಲ ಅಪವಾದದ ಲೆಕ್ಕಕ್ಕೆ ಹೋಗುತ್ತವೆ. ಹೀಗೆ ಬರೆಯುವ ಖಾತೆಯಲ್ಲಿ ನಿಯಮವು ಎಂದಿಗೂ ಸುಳ್ಳಾಗಲಾರದು. ಪೂರ್ವಗ್ರಹವು ಶತಮಾನಗಳ ಕಾಲ ಬಾಳುವ ಗುಟ್ಟು ಇದೇ.

ಇನ್ನೊಂದು ನಿದರ್ಶನವು ಈಚಿನದು. ಪಾವಗಡದ ತಿರುಮಣಿಯ ಸುತ್ತಲಿನ ಗ್ರಾಮಗಳಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು ನಿರ್ಮಾಣವಾಯಿತು. 2018ರಲ್ಲಿ ಅದರ ಉದ್ಘಾಟನೆಯಾಯಿತು. ರೈತರು ಭೂಮಿಯನ್ನು ಮಾರದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳ ಮೊದಲ ದರದಲ್ಲಿ ಗುತ್ತಿಗೆಗೆ ಕೊಟ್ಟರು. ಇಂಥ ಪ್ರಸ್ತಾಪವೊಂದು ಮನೆಯ ಜಗಲಿಗೆ ಬಂದಾಗ ಏನಾಗುತ್ತದೆಂಬುದನ್ನು ಯಾರಾದರೂ ಊಹಿಸಬಹುದು. ಮೂವತ್ತು ವರ್ಷದ ಮಗನು ಕರಾರುಪತ್ರವನ್ನು ಎರಡು ಸಲ ಓದಿಸಿ ಕೇಳಿದರೆ ಆತನು ವಿಚಾರವಂತ. ಎಪ್ಪತ್ತರ ತಂದೆಯು ಅದನ್ನೇ ಮಾಡಿದರೆ ಹೊಸದಕ್ಕೆ ಹೆದರುವ ಹಳಬ. ಮಗನು ಒಪ್ಪಿದರೆ ಮುಂದಾಲೋಚನೆ. ತಂದೆಯು ಒಪ್ಪಿದರೆ ಗೇಯಲಾರದ ಕೈಲಾಗದತನ. ಹೌದೆಂದರೂ ವಯಸ್ಸು, ಅಲ್ಲವೆಂದರೂ ವಯಸ್ಸು. ಬರಗಾಲಗಳನ್ನು ಕಂಡ, ಕಡಲೆಕಾಯಿ ಬೆಳೆ ಒಣಗಿದ್ದನ್ನು ಕಂಡ, ಬತ್ತಿದ ಕೊಳವೆಬಾವಿಯ ಸಾಲವನ್ನು ತೀರಿಸಿದ ಮನುಷ್ಯನಿಗೆ ತನ್ನ ಹೊಲದ ವಿಷಯದಲ್ಲಿ ಕಾರಣಗಳಿರಬಹುದೆಂದು ಎಣಿಸುವುದೇ ಇಲ್ಲ. ಆತನ ಕಾರಣವು ತಪ್ಪಾಗಿರಬಹುದು. ಆದರೆ ಅದು ಕೇಳಿ ತಿಳಿಯತಕ್ಕ ವಿಷಯವೇ ಹೊರತು ಹುಟ್ಟಿದ ವರ್ಷದಿಂದ ಎಣಿಸತಕ್ಕ ವಿಷಯವಲ್ಲ.

ಇಷ್ಟು ಹೇಳಿದ ಮೇಲೆ ಇದರ ವಿರುದ್ಧವಾದ ತಪ್ಪನ್ನೂ ಹೇಳದಿದ್ದರೆ ಸತ್ಯವು ಅರ್ಧವಾಗುತ್ತದೆ. ವೃದ್ಧರೆಲ್ಲರೂ ಜ್ಞಾನಿಗಳು, ಶಾಂತರು, ಆಸೆ ತೊರೆದವರು ಎಂದು ಭಾವಿಸುವುದೂ ಪೂರ್ವಗ್ರಹವೇ. ಇದರಿಂದ ಅವರಿಗೆ ಮನುಷ್ಯಸಹಜವಾದ ಇಚ್ಛೆಗಳೇ ಅಪರಾಧವಾಗಿ ಪರಿಣಮಿಸುತ್ತವೆ. ಎಪ್ಪತ್ತರ ಅಜ್ಜಿಯು ಬಣ್ಣದ ಸೀರೆಯನ್ನು ಬಯಸಿದರೆ, "ಈ ವಯಸ್ಸಿನಲ್ಲಿ ಇದೇನು" ಎಂಬ ಪಿಸುಮಾತು. ಹೋಳಿಗೆಯನ್ನು ಎರಡನೆಯ ಸಲ ಹಾಕಿಸಿಕೊಂಡ ತಾತನಿಗೆ ಬಾಯಿಚಪಲದವನೆಂಬ ಹೆಸರು. ಸಂಗಾತಿಯನ್ನು ಕಳೆದುಕೊಂಡವನು ನೆರೆಮನೆಯವರೊಡನೆ ಕುಳಿತು ನಕ್ಕರೆ ಸಂದೇಹ. ಇದೇ ಬಯಕೆ, ಇದೇ ರುಚಿ, ಇದೇ ನಗೆ ಮೂವತ್ತರವರಲ್ಲಿ ಕಂಡರೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಅಂತೆಯೇ, ಹಿರಿಯನೊಬ್ಬನು ಸೊಸೆಯನ್ನು ಕಟುವಾಗಿ ನಿಂದಿಸಿದಾಗ, ಆಳುಮಗನಿಗೆ ಕೂಲಿಯಲ್ಲಿ ಅನ್ಯಾಯ ಮಾಡಿದಾಗ, ಜಾತಿಯ ಹೆಸರನ್ನೆತ್ತಿ ಒಬ್ಬನನ್ನು ಪಂಕ್ತಿಯಿಂದ ದೂರವಿರಿಸಲು ಹೊರಟಾಗ, "ವಯಸ್ಸಾದವರು, ಬಿಟ್ಟುಬಿಡಿ" ಎನ್ನುವುದು ಗೌರವವಲ್ಲ. ತಪ್ಪಿಗೆ ಹೊಣೆಯಾಗಲಾರದವನೆಂದು ಒಬ್ಬನನ್ನು ಎಣಿಸುವುದು ಆತನನ್ನು ಶಿಶುವೆಂದು ಎಣಿಸಿದಂತೆಯೇ ಸರಿ. ತಪ್ಪು ಮಾಡಿದ ಹಿರಿಯರಿಗೆ ವಿನಯದಿಂದ, ಆದರೆ ಸ್ಪಷ್ಟವಾಗಿ ತಪ್ಪೆಂದು ಹೇಳುವುದೇ ಅವರ ಬುದ್ಧಿಗೆ ಸಲ್ಲಿಸುವ ಮರ್ಯಾದೆ.

ಈ ತೀರ್ಪು ಹೊರಗಿನವರ ಬಾಯಲ್ಲಿ ಮಾತ್ರ ಇರುವುದಿಲ್ಲ. ಕ್ರಮೇಣ ಹಿರಿಯರ ಎದೆಯೊಳಕ್ಕೂ ಇಳಿಯುತ್ತದೆ. ಊರು ಹೋಗೆನ್ನುತ್ತದೆ, ಕಾಡು ಬಾ ಎನ್ನುತ್ತದೆ ಎಂದು ಹೇಳಿಕೊಂಡು ಕಣ್ಣಿನ ಪೊರೆಯನ್ನು ತೆಗೆಸದೆ ಕತ್ತಲೆಯಲ್ಲಿಯೇ ಉಳಿಯುವವರು, ನೋವನ್ನು ವೈದ್ಯರಿಗೆ ಹೇಳದೆ ನುಂಗುವವರು, "ಮಕ್ಕಳಿಗೆ ಯಾಕೆ ಖರ್ಚು" ಎಂದು ಔಷಧವನ್ನು ಅರ್ಧಕ್ಕೆ ನಿಲ್ಲಿಸುವವರು ಪ್ರತಿ ಗ್ರಾಮದಲ್ಲಿಯೂ ಇದ್ದಾರೆ. ಅಮೆರಿಕದ ಬೆಕ್ಕಾ ಲೆವಿ ಎಂಬಾಕೆಯು ತನ್ನ ಸಂಗಡಿಗರೊಡನೆ ಐವತ್ತು ವರ್ಷ ದಾಟಿದ 660 ಜನರ ವೃತ್ತಾಂತವನ್ನು ಪರಿಶೀಲಿಸಿ 2002ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದಳು. ತಮ್ಮ ಮುಪ್ಪಿನ ವಿಷಯದಲ್ಲಿ ಒಳ್ಳೆಯ ಭಾವನೆಯುಳ್ಳವರು, ಅಂಥ ಭಾವನೆ ಕಡಿಮೆಯಿದ್ದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಮನಸ್ಸಿನ ನಂಬಿಕೆಯೊಂದೇ ಆಯುಷ್ಯಕ್ಕೆ ಕಾರಣವೆಂದು ಇದರಿಂದ ಹೇಳಲಾಗದು. ಆದರೂ ಎಳೆಯ ಮಕ್ಕಳು ಮನೆಯ ಹಿರಿಯರ ವಿಷಯದಲ್ಲಿ ಇಂದು ಕೇಳುವ ಮಾತುಗಳೇ ಅರವತ್ತು ವರ್ಷಗಳ ತರುವಾಯ ಅವರು ತಮ್ಮ ವಿಷಯದಲ್ಲಿ ನಂಬುವ ಮಾತುಗಳಾಗುವುವು. ಅಜ್ಜನನ್ನು ಹೀಯಾಳಿಸುವ ಮೊಮ್ಮಗನು ತನ್ನ ಮುಪ್ಪಿನ ತೀರ್ಪನ್ನೇ ಬರೆದುಕೊಳ್ಳುತ್ತಿರುತ್ತಾನೆ.

ಹಾಗಾದರೆ ಮಾರ್ಗವೇನು? ಶರಣರ ಚರಿತ್ರೆಯಲ್ಲಿಯೇ ಅದು ದೊರೆಯುತ್ತದೆ. ಅಕ್ಕಮಹಾದೇವಿಯು ಕಲ್ಯಾಣದ ಅನುಭವಮಂಟಪಕ್ಕೆ ಬಂದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ವರ್ಣಿಸಿದೆ. ಹರೆಯದ ಹೆಣ್ಣೊಬ್ಬಳು ಒಂಟಿಯಾಗಿ ಬಂದು ನಿಂತಾಗ ಸಂದೇಹಗಳು ಏಳದೆ ಇರಲಿಲ್ಲ. ಆದರೆ ಅಲ್ಲಮಪ್ರಭುಗಳು ಆ ಸಂದೇಹವನ್ನೇ ತೀರ್ಪನ್ನಾಗಿ ಮಾಡಲಿಲ್ಲ. ಸಂದೇಹವನ್ನು ಪ್ರಶ್ನೆಯಾಗಿ ಮಾರ್ಪಡಿಸಿ, ಆಕೆಯನ್ನೇ ಕೇಳಿದರು. ಆಕೆ ಉತ್ತರಿಸಿದಳು, ಸಭೆಯು ಕಿವಿಗೊಟ್ಟು ಕೇಳಿತು, ಕೇಳಿದ ಬಳಿಕ ತಲೆಬಾಗಿತು. ಅಲ್ಲಿ ಪ್ರಶ್ನೆಗೊಳಗಾದದ್ದು ಹರೆಯ. ಇಲ್ಲಿ ವಿಚಾರದಲ್ಲಿರುವುದು ಮುಪ್ಪು. ಆದರೆ ನ್ಯಾಯವು ಒಂದೇ. ವಯಸ್ಸನ್ನು ಕಂಡು ತೀರ್ಮಾನಿಸಬಾರದು. ಮನುಷ್ಯನನ್ನು ಕೇಳಿ ತಿಳಿಯಬೇಕು.

ಲಿಂಗಧಾರಣೆಯ ತತ್ತ್ವವೂ ಇದನ್ನೇ ಬೋಧಿಸುತ್ತದೆ. ಹಸುಗೂಸಿನ ಅಂಗದ ಮೇಲೆ ನೆಲೆಸುವ ಇಷ್ಟಲಿಂಗವು ಆತನು ನಡುವಯಸ್ಸಿನವನಾದಾಗ ಹಿರಿದಾಗುವುದಿಲ್ಲ, ಮುದುಕನಾದಾಗ ಕಿರಿದಾಗುವುದಿಲ್ಲ, ಕಡೆಯ ಉಸಿರಿನ ತನಕ ಜೊತೆಯನ್ನು ಬಿಡುವುದಿಲ್ಲ. ಲಿಂಗವು ವಯಸ್ಸನ್ನು ನೋಡದಿರುವಾಗ ಲಿಂಗವಂತರು ನೋಡುವುದು ಹೇಗೆ ಯುಕ್ತವಾದೀತು? ಕಾಯಕದ ವಿಷಯದಲ್ಲಿಯೂ ಹೀಗೆಯೇ. ಶಕ್ತಿಗೆ ತಕ್ಕ ಕಾಯಕವುಂಟು. ಕಾಯಕದಿಂದ ನಿವೃತ್ತಿಯೆಂಬ ವಯಸ್ಸನ್ನು ಶರಣರು ಗೊತ್ತುಮಾಡಲಿಲ್ಲ. ಹುಣಸೆಹಣ್ಣಿನ ಬೀಜ ತೆಗೆಯುವ ಕೈ, ಮೊಮ್ಮಕ್ಕಳಿಗೆ ಅಕ್ಷರ ತಿದ್ದಿಸುವ ಕೈ, ಮಠದ ಪಂಕ್ತಿಗೆ ಎಲೆ ಹಾಸುವ ಕೈ, ಎಲ್ಲವೂ ಕಾಯಕದ ಕೈಗಳೇ. ಅವರ ಕೈಯಿಂದ ಕೆಲಸವನ್ನು ಕಸಿದುಕೊಳ್ಳುವುದು ಉಪಕಾರವೆಂದು ತೋರಿದರೂ ಅನೇಕ ವೇಳೆ ಅದು ಅಪಹಾರವಾಗಿರುತ್ತದೆ.

ಗೃಹಸ್ಥರು ಈ ನ್ಯಾಯವನ್ನು ಆಚರಣೆಗೆ ತರುವುದು ಕಷ್ಟವಲ್ಲ. ಹಿರಿಯರ ನಡತೆಯಲ್ಲಿ ಏನಾದರೂ ವಿಪರೀತವು ಕಂಡಾಗ ಇದೇ ಕೆಲಸವನ್ನು ಮೂವತ್ತರ ಮಗನು ಮಾಡಿದ್ದರೆ ಯಾವ ಕಾರಣವನ್ನು ಹುಡುಕಲಾಗುತ್ತಿತ್ತೆಂದು ಮೊದಲು ಯೋಚಿಸತಕ್ಕದ್ದು. ಆ ಕಾರಣವನ್ನೇ ಇಲ್ಲಿಯೂ ಹುಡುಕತಕ್ಕದ್ದು. ವೈದ್ಯರ ಬಳಿ ಹೋದಾಗ ಮಗನೇ ಎಲ್ಲವನ್ನೂ ಹೇಳದೆ, "ಅಪ್ಪ, ನೀವೇ ಹೇಳಿ" ಎಂದು ತಂದೆಗೆ ಮಾತು ಬಿಡತಕ್ಕದ್ದು. ಹೊಲ, ಮನೆ, ಮದುವೆಗಳ ಮಾತುಕತೆಗೆ ಹಿರಿಯರನ್ನು ಕರೆದು, ಅವರ ಅಭಿಪ್ರಾಯದೊಡನೆ ಅದರ ಕಾರಣವನ್ನೂ ಕೇಳತಕ್ಕದ್ದು. ಮಠದ ಏರ್ಪಾಡುಗಳಲ್ಲಿಯೂ ಪಾದಪೂಜೆಗೆ ಕರೆಯುವಷ್ಟೇ ಆದರದಿಂದ ಆಲೋಚನೆಗೂ ಅವರನ್ನು ಕರೆಯತಕ್ಕದ್ದು.

ಮಾತು ತಪ್ಪಿ ಅನ್ಯಾಯಕ್ಕೆ ತಿರುಗಿದ ಮನೆಗಳಿಗೆ ಕಾನೂನೂ ಇದೆ. 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮದ ಪ್ರಕಾರ ನಿರ್ಲಕ್ಷಿತರಾದ ತಂದೆತಾಯಿಗಳು ಜೀವನಾಂಶವನ್ನು ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯ ಪತ್ರವನ್ನು, ಷರತ್ತು ಮುರಿದರೆ, ರದ್ದುಗೊಳಿಸುವಂತೆಯೂ ಕೇಳಬಹುದು. ಈ ನಾಲ್ಕೂ ತಾಲ್ಲೂಕುಗಳು ಮಧುಗಿರಿ ಉಪವಿಭಾಗಕ್ಕೆ ಸೇರಿದವುಗಳಾದುದರಿಂದ ಅಲ್ಲಿನ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿಯನ್ನು ಸಲ್ಲಿಸಬಹುದು. 14567 ಎಂಬ ಹಿರಿಯರ ಸಹಾಯವಾಣಿಯೂ ಉಂಟು. ಆದರೆ ಕಾನೂನು ಅನ್ನವನ್ನು ಕೊಡಿಸಬಲ್ಲದು, ವಿಶ್ವಾಸವನ್ನು ಕೊಡಿಸಲಾರದು. ತಾಯಿಯ ಮಾತನ್ನು ಕಿವಿಗೊಟ್ಟು ಕೇಳೆಂದು ಮಗನಿಗೆ ಯಾವ ನ್ಯಾಯಸ್ಥಾನವೂ ಆಜ್ಞೆ ಮಾಡಲಾರದು. ಅದು ಧರ್ಮದ ಕೆಲಸ, ಮಠಮಾನ್ಯಗಳ ಕೆಲಸ, ಮನೆಮನೆಯ ಕೆಲಸ.

ಮಹಾಜನರೇ, ಮುಪ್ಪು ಪರರ ಊರಲ್ಲ. ಬದುಕಿರುವವರೆಲ್ಲರೂ ನಡೆದು ಸೇರತಕ್ಕ ಊರು. ಆ ಊರಿನಲ್ಲಿ ಈಗ ಇರುವವರನ್ನು ಹೇಗೆ ನಡೆಸಿಕೊಳ್ಳಲಾಗುವುದೋ, ನಾಳೆ ಹೋಗುವವರಿಗೂ ಅಂಥದೇ ಸ್ವಾಗತವು ಕಾದಿರುತ್ತದೆ. ಈ ಮಹೋತ್ಸವದಿಂದ ಹಿಂದಿರುಗುವ ಭಕ್ತರು ಪ್ರಸಾದದೊಡನೆ ಒಂದು ಸಂಕಲ್ಪವನ್ನೂ ಕೊಂಡೊಯ್ಯಲಿ. ಇಂದು ಸಂಜೆ ಮನೆಯ ಜಗಲಿಯ ಮೇಲೆ ಕುಳಿತಿರುವ ಹಿರಿಯರ ಕಾಲಿಗೆ ಎರಗಿದ ಮೇಲೆ ಎದ್ದು ಹೋಗದೆ, ಅವರೆದುರಿಗೆ ಕುಳಿತು, "ಅಜ್ಜಿ, ನೀವು ಏನಂತೀರಿ?" ಎಂದು ಕೇಳಲಿ, ಉತ್ತರವು ಮುಗಿಯುವ ತನಕ ಕಾಯಲಿ. ನೂರು ಜನ ಎರಗುವಲ್ಲಿ ನೂರು ಜನವೂ ಕೇಳುವಂತಾದರೆ ಶ್ರೀಮಠದ ಮಹೋತ್ಸವವು ಸಾರ್ಥಕವಾಗುವುದು. ಶ್ರೀಗುರು ಬಸವೇಶ್ವರರ ಕೃಪೆಯು ಈ ಸೀಮೆಯ ವೃದ್ಧರಿಗೂ ಬಾಲರಿಗೂ ಸಮನಾಗಿ ಇರಲಿ. ಸರ್ವರಿಗೂ ಮಂಗಳವಾಗಲಿ.